ಸಾವಿರದ ನೂರ ಹದಿನೇಳು, ಡಾ. ಕೇಶವ ಮತ್ತು ಕುಟುಂಬ

ಬೇಲೂರಿನ ಗುಡಿಗೆ ಒಂಬೈನೂರು ವರ್ಷ ತುಂಬಿದೆ ಅನ್ನುವುದು ಸಿಯಾಟಲ್‌ನ ನಮ್ಮ ಕನ್ನಡ ಸಂಘದವರಿಗೆ ಗೊತ್ತಾದದ್ದು ನನ್ನಿಂದ. 2017ರ ಗಣೇಶನ ಹಬ್ಬಕ್ಕೆ ಸಂಘದ ಅಧ್ಯಕ್ಷ ಸುಪ್ರೀತ ಕ್ಯಾನ್ಯನ್ ಪಾರ್ಕಿನ ತನ್ನ ಮನೆಗೆ ಎಲ್ಲರನ್ನೂ ಊಟಕ್ಕೆ ಕರೆದಿದ್ದ. ಗಂಡಸರು ಸೋಫಾದ ಮೇಲೆ, ಹೆಂಗಸರು ಅಡುಗೆಮನೆಯಲ್ಲಿ, ಎಂದಿನ ಹಾಗೆ. ರಾಜ್ಯೋತ್ಸವಕ್ಕೆ ಈ ಸಲ ಏನಾದರೂ ಹೊಸದು ಬೇಕು ಅಂತ ಅವನು ತಲೆ ಕೆರೆದುಕೊಳ್ಳುತ್ತಿದ್ದ. ಕೋಸಂಬರಿ ಬಡಿಸಲು ಹೋದವಳು ಬಡಿಸಿ ಬರಬಹುದಿತ್ತು. ಬಾಯಿ ತಡೆಯಲಿಲ್ಲ. ವಿಷ್ಣುವರ್ಧನ ಬೇಲೂರಿನಲ್ಲಿ ದೇವರನ್ನು ನಿಲ್ಲಿಸಿದ ಆ ಒಂದು ವರ್ಷ ಉಳಿದ ಜಗತ್ತು ಏನು ಮಾಡುತ್ತಿತ್ತು, ಅದನ್ನು ತೋರಿಸಿ ಅಂದೆ.

"ಆಂಟಿ, ಸೂಪರ್ ಐಡಿಯಾ. ನೀವೇ ಮಾತಾಡಿ. ಟ್ವೆಂಟಿ ಮಿನಿಟ್ಸ್ ಕೊಡ್ತೀನಿ," ಅಂದ ಸುಪ್ರೀತ.

ನಾನು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ಹೊಯ್ಸಳರ ಮೇಲೆ ಸಂಶೋಧನೆಗೂ ಸೇರಿದ್ದೆ. ಅಷ್ಟರಲ್ಲಿ ಕೇಶವ ಅವರೊಂದಿಗೆ ಮದುವೆಯಾಯಿತು, ಸಿಯಾಟಲ್‌ಗೆ ಬಂದೆ. ಅವರು ಇಲ್ಲಿಯ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮುಗಿಸಿ ವಿಮಾನದ ಕಾರ್ಖಾನೆ ಸೇರಿದರು, ರೆಕ್ಕೆ ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಹಾಕುವ ಕೆಲಸ. ಸಮುದ್ರದ ದಂಡೆಯ ಮುಕಿಲ್ಟಿಯೊದಲ್ಲಿ ಮನೆ ಕೊಂಡೆವು. ನನ್ನ ಸಂಶೋಧನೆ ಮಾತ್ರ ಹೊಯ್ಸಳರಿಗಿಂತ ಬೇಗ ಮುಗಿದುಹೋಯಿತು.

ನಮ್ಮ ಮಗಳು ಮಾಧವಿ ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಅಂತ ಎಲ್ಲರೆದುರು ಹೇಳಬೇಕಿತ್ತು. ಅಪ್ಪ ವಿಮಾನ ಬೀಳದ ಹಾಗೆ ನೋಡಿಕೊಳ್ಳುತ್ತಾರೆ, ಅಮ್ಮ ಅಪ್ಪನನ್ನು ನೋಡಿಕೊಳ್ಳುತ್ತಾಳೆ ಅಂದಳು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಅವಳದೇನೂ ತಪ್ಪಿಲ್ಲ, ಕಂಡದ್ದನ್ನು ಹೇಳಿದಳು. ಆದರೆ ಒಂದು ಸಲ, ಒಂದೇ ಒಂದು ಸಲ, ಅವಳು ಬೇರೆ ಏನನ್ನಾದರೂ ಕಾಣಲಿ ಅನ್ನುವ ಆಸೆ ಅವತ್ತಿನಿಂದ ನನ್ನೊಳಗೆ ಕೂತಿತ್ತು. ಈಗ ಅವಳು ದೊಡ್ಡವಳು, ಇಲ್ಲೇ ಹತ್ತಿರದ ಡುವಾಲ್ ಊರಿನಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾಳೆ. ಸಂಘದ ಕಾರ್ಯಕ್ರಮ ಅಂದರೆ ಮೂಗು ಮುರಿಯುವವಳು. ಈ ಸಲ ತಪ್ಪಿಸಬೇಡ ಅಂತ ಕಾಡಿ ಬೇಡಿ ಒಪ್ಪಿಸಿದೆ. ಯಾಕೆ ಅಂತ ಹೇಳಲಿಲ್ಲ. ವೇದಿಕೆಯ ಮೇಲೆ ನನ್ನನ್ನು ಕಂಡಾಗ ಅವಳ ಮುಖ ಹೇಗಾಗುತ್ತದೋ ನೋಡಬೇಕಿತ್ತು.

ಎರಡು ತಿಂಗಳು ಲೈಬ್ರರಿಯಲ್ಲೇ ಬಿದ್ದಿದ್ದೆ. ಎಂಥ ವರ್ಷ ಅದು! ಜನವರಿಯಲ್ಲೇ ಇಟಲಿಯಲ್ಲಿ ಭೂಮಿ ನಡುಗಿ ವೆರೋನಾದ ಹಳೆಯ ರೋಮನ್ ರಂಗಮಂಟಪದ ಹೊರಗೋಡೆ ಉರುಳಿತ್ತು. ಕಾಂಬೋಡಿಯಾದಲ್ಲಿ ಒಬ್ಬ ರಾಜ ವಿಷ್ಣುವಿಗೇ ಬೇಲೂರಿನ ಹತ್ತರಷ್ಟು ದೊಡ್ಡ ಗುಡಿ ಎಬ್ಬಿಸುತ್ತಿದ್ದ. ಚೀನಾದ ಹಡಗಿನವರು ಮೋಡ ಕವಿದ ದಿನ ಅಯಸ್ಕಾಂತದ ಸೂಜಿ ನೋಡಿ ದಿಕ್ಕು ಹಿಡಿಯುತ್ತಿದ್ದರು. ಅದೇ ಚೀನಾದಲ್ಲಿ ಗಂಡ ಹೆಂಡತಿ ಇಬ್ಬರು ಹೊಟ್ಟೆಬಟ್ಟೆ ಕಟ್ಟಿ ಹಳೆಯ ಶಾಸನಗಳನ್ನು ಕೂಡಿಸುತ್ತಿದ್ದರು, ಆ ಕೆಲಸಕ್ಕೆ ಮುನ್ನುಡಿ ಬರೆದದ್ದು ಆ ವರ್ಷವೇ. ಮುಕಿಲ್ಟಿಯೊದ ಇದೇ ದಂಡೆಯಲ್ಲಿ ಇಲ್ಲಿಯ ಮೂಲದ ಜನ ಸಾಲ್ಮನ್ ಮೀನು ಹಿಡಿದು ಒಣಗಿಸುತ್ತಿದ್ದರು, ವಿಷ್ಣುವರ್ಧನನ ಹೆಸರು ಕೇಳದೆಯೇ ಸುಖವಾಗಿದ್ದರು. ಬೇಲೂರಿನಲ್ಲೂ ಗಂಡ ಕಟ್ಟಿಸಿದ ದೊಡ್ಡ ಗುಡಿಯ ಪಕ್ಕದಲ್ಲೇ ರಾಣಿ ಶಾಂತಲೆ ತನ್ನದೊಂದು ಗುಡಿ ಕಟ್ಟಿಸಿದಳು. ಬಸ್ಸಿನಲ್ಲಿ ಬಂದವರು ಅದರ ನೆರಳಲ್ಲಿ ನಿಂತು ದೊಡ್ಡದರ ಫೋಟೋ ತೆಗೆಯುತ್ತಾರೆ.

ನನ್ನ ಇಪ್ಪತ್ತು ನಿಮಿಷ ಮೊದಲಿಗೆ ಹತ್ತಕ್ಕೆ ಇಳಿಯಿತು. ಮನೆ ಮಾರುವ ಏಜೆಂಟ್ ಒಬ್ಬರು ಊಟದ ಖರ್ಚು ಕೊಡುವುದಾಗಿಯೂ ಅದಕ್ಕೆ ಬದಲಾಗಿ ಅವರು ಮಾತಾಡಬೇಕೆಂದೂ ಸುಪ್ರೀತ ಹೇಳಿದ. ಆಮೇಲೆ ಎಂಟಾಯಿತು, ಮಕ್ಕಳ ಡಾನ್ಸ್ ಒಂದು ಹೆಚ್ಚಾಗಿತ್ತು. ನಾನು ಕತ್ತರಿಸಿದೆ. ಕತ್ತರಿಸುವುದು ನನಗೆ ಹೊಸತಲ್ಲ. ಕೇಶವ ದಿನಾ ಸಂಜೆ ಗಡಿಯಾರ ಹಿಡಿದು ಎದುರು ಕೂತು ಕೇಳಿದರು, ತಾಳ್ಮೆಯಿಂದ, ಪ್ರೀತಿಯಿಂದಲೇ. ಕೊನೆಗೆ ನಾನು ತಡವರಿಸಿದ ಕಡೆ ಅವರೇ ಮುಂದಿನ ಮಾತು ಎತ್ತಿ ಕೊಡುವಷ್ಟಾಯಿತು. ಇವರು ನನ್ನವರು ಅಂತ ಆ ದಿನಗಳಲ್ಲಿ ನನಗೆ ನಿಜವಾಗಿ ಅನಿಸಿತ್ತು.

ನವೆಂಬರಿನ ಆ ಶನಿವಾರ ಶಾಲೆಯೊಂದರ ಆಡಿಟೋರಿಯಂ ತುಂಬಿತ್ತು. ಮಾಧವಿ ಮೂರನೇ ಸಾಲಿನಲ್ಲಿದ್ದಳು. ನಾನು ನೇರಳೆ ಮೈಸೂರು ಸಿಲ್ಕ್ ಉಟ್ಟು, ವೇದಿಕೆಯ ಪಕ್ಕ ಲ್ಯಾಪ್‌ಟಾಪ್ ಹತ್ತಿರ ನಿಂತಿದ್ದೆ. ಆಗ ನಿರೂಪಣೆ ಮಾಡುತ್ತಿದ್ದ ಹುಡುಗಿ ಅಕ್ಷಯಾ ಫೋನ್ ನೋಡಿಕೊಂಡು ಓದಿದಳು: "ಸಾವಿರದ ನೂರ ಹದಿನೇಳರ ಜಗತ್ತು. ಪ್ರಸ್ತುತಿ, ಡಾ. ಕೇಶವ ಮತ್ತು ಕುಟುಂಬ."

ನಮ್ಮ ಸಂಘದಲ್ಲಿ ಸದಸ್ಯರಾಗುವುದು ಮನುಷ್ಯರಲ್ಲ, ಮನೆಗಳು. ಮನೆಗೊಂದು ಹೆಸರು, ಅದು ಗಂಡಸಿನದು. ಕಾರ್ಯಕ್ರಮದ ಪಟ್ಟಿಗೆ ಹೆಸರು ತಾನಾಗಿಯೇ ಅಲ್ಲಿಂದ ಬಂದು ಕೂತಿತ್ತು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಬೈಯಲು ಒಬ್ಬರಾದರೂ ಬೇಕಲ್ಲ.

ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿದ್ದ ಕೇಶವ ಎದ್ದು ನನ್ನ ಮುಖ ನೋಡಿದರು. ಹೆಸರು ಸರಿಪಡಿಸಲು ಹೋಗುತ್ತಿದ್ದಾರೆ ಅಂದುಕೊಂಡೆ. ಅವರೂ ಹಾಗೇ ಅಂದುಕೊಂಡು ಮೆಟ್ಟಿಲು ಹತ್ತಿರಬೇಕು. ಮೈಕ್ ಕೈಗೆ ಬಂತು. "ಎಲ್ಲರಿಗೂ ನಮಸ್ಕಾರ," ಅಂದರು. ಮತ್ತೆ ಚಪ್ಪಾಳೆ. ನನ್ನ ಮೊದಲನೆಯ ವಾಕ್ಯವನ್ನು ಹೇಳಿದರು, ಒಂದು ಅಕ್ಷರವೂ ಬದಲಾಗದಂತೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು, "ಪಂಕಜಾ, ನೆಕ್ಸ್ಟ್."

ಒತ್ತಿದೆ. ಒತ್ತದಿದ್ದರೆ ನನ್ನ ವರ್ಷ ಅಲ್ಲೇ ನಿಂತುಹೋಗುತ್ತಿತ್ತು. ಅದು ಯಾರ ಬಾಯಿಂದಾದರೂ ಪೂರ್ತಿ ಹೊರಗೆ ಬರಲಿ ಅನಿಸಿತು, ಅಂಥ ಹುಚ್ಚು ನನ್ನದು. ಆದರೆ ಭೂಕಂಪದ ಚಿತ್ರ ಬಂದದ್ದೇ ಅವರೊಳಗಿನ ಎಂಜಿನಿಯರ್ ಎದ್ದು ಕೂತ. ಗೋಡೆ ಯಾಕೆ ಬಿತ್ತು, ಕಮಾನು ಯಾಕೆ ಬೀಳಲಿಲ್ಲ, ಅಲುಗಾಟ ಕಲ್ಲಿನಲ್ಲಿ ಹೇಗೆ ಸಾಗುತ್ತದೆ, ಕೈಯಲ್ಲೇ ರೆಕ್ಕೆ ಮಾಡಿ ಬಾಗಿಸಿ ತೋರಿಸಿದರು. ಜನ ಮೈಮರೆತು ಕೇಳಿದರು. ಸಮಯ ಮುಗಿಯಿತು ಅಂತ ಅಕ್ಷಯಾ ಕೈ ಆಡಿಸಿದಾಗ ಉಳಿದದ್ದನ್ನು ಒಂದೇ ಉಸಿರಿನಲ್ಲಿ ಓಡಿಸಿದರು. ಚೀನಾದ ಶಾಸನಗಳನ್ನು ಒಬ್ಬ ಪಂಡಿತ ಕೂಡಿಸಿದ ಅಂದರು. ಹೆಂಡತಿ ಮಾಯ. ಶಾಂತಲೆಯ ಗುಡಿಯ ಚಿತ್ರ ಬಂದಾಗ ಅದನ್ನು ಬಿಡು ಅಂತ ಬೆರಳಲ್ಲೇ ಸನ್ನೆ ಮಾಡಿದರು, ಬಿಟ್ಟೆ. ಸಾಲ್ಮನ್ ಹಿಡಿಯುತ್ತಿದ್ದವರ ಸರದಿ ಬರಲೇ ಇಲ್ಲ.

ಸುಪ್ರೀತ ಓಡಿ ಬಂದು ಅವರಿಗೆ ಶಾಲು ಹೊದಿಸಿದ. ಫೋಟೋಗೆ ಜೋಡಿಯಾಗಿ ನಿಲ್ಲಬೇಕು, ಆಂಟಿ ಬನ್ನಿ ಅಂತ ಕರೆದ. ಹೋದೆ. ಶಾಲಿನ ಒಂದು ಅಂಚನ್ನು ಎಳೆದು ನನ್ನ ಹೆಗಲಿಗೂ ಹಾಕಿದ, ಎಲ್ಲರೂ ಓ ಅಂದರು. ಇಪ್ಪತ್ತು ನಿಮಿಷ ಮಾತಾಡಿ ಅಂತ ಸಟ್ಟುಗ ಹಿಡಿದವಳಿಗೆ ಹೇಳಿದ್ದು ಅವನಿಗೆ ಮರೆತೇಹೋಗಿತ್ತು.

ಊಟದ ಸಾಲಿನಲ್ಲಿ ಮಾಧವಿ ಸಿಕ್ಕಳು. ಕಣ್ಣು ಹೊಳೆಯುತ್ತಿತ್ತು. ಎಷ್ಟೋ ವರ್ಷದಿಂದ ನಾನು ಕಾಯುತ್ತಿದ್ದ ಹೊಳಪು ಅದು, ನೇರವಾಗಿ ಅಪ್ಪನ ಮೇಲೆ ಬಿದ್ದಿತ್ತು. ಡ್ಯಾಡ್‌ಗೆ ಇತಿಹಾಸ ಇಷ್ಟೊಂದು ಗೊತ್ತಿದೆ ಅಂತ ನನಗೆ ಯಾಕೆ ಯಾರೂ ಹೇಳಲಿಲ್ಲ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

ಕೇಶವ ತಟ್ಟೆ ನೋಡಿಕೊಂಡು ನಿಂತರು. ನಾನು ಸುಮ್ಮನಿರಲಿಲ್ಲ. "ಅದು ನಾನು ಬರೆದಿದ್ದು ಕಣೆ ಮಾಧವಿ. ಅಷ್ಟೂ ನಂದೇ," ಅಂದೆ.

ಆಗ ಅವರು ತಲೆ ಎತ್ತಿ, ಪಾಪ, ನಿಜವನ್ನೇ ಹೇಳಿದರು. "ಹೌದು, ಎಲ್ಲಾ ಇವಳದ್ದೇ. ನಂದೇನೂ ಇಲ್ಲ."

ಶಾಲು ಹೊದ್ದ ಗಂಡಸರೆಲ್ಲ ಹೇಳುವ ಮಾತು ಅದು. ನಮ್ಮ ಸಂಘದಲ್ಲಿ ಸನ್ಮಾನ ಆದವರು ಅದನ್ನು ಹೇಳದೆ ಊಟಕ್ಕೆ ಹೋದದ್ದನ್ನು ನಾನು ಕಂಡಿಲ್ಲ. ಸಾಲಿನ ಹೆಂಗಸರು ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿ, ಅವರನ್ನು ನೋಡಿ ಕಲಿತುಕೊಳ್ಳಿ ಅಂದರು. ಮಾಧವಿ ಒಂದು ಕೈಯಲ್ಲಿ ಅಪ್ಪನನ್ನು, ಇನ್ನೊಂದರಲ್ಲಿ ನನ್ನನ್ನು ತಬ್ಬಿಕೊಂಡು, "ಅಮ್ಮಾ, ಯೂ ಆರ್ ಸೋ ಲಕ್ಕಿ," ಅಂದಳು.