ತೊಳೆದು ತಂದ ಡಬ್ಬಿ

ಹಡಗಿನಿಂದ ಇಳಿದವರ ಸಾಲಿನಲ್ಲಿ ಸಾಯಬಣ್ಣ ಮೂರು ತಾಸು ನಿಂತ. ಒಂಬತ್ತು ದಿನ ಡೆಕ್ಕಿನ ಕಬ್ಬಿಣದ ಮೇಲೆ ಮಲಗಿ ಬಂದ ಮೈ ಹಣ್ಣಾಗಿತ್ತು. ಮುಂಬಯಿಯ ನೆಲ ಮುಟ್ಟಿದ ಮೇಲೂ ಕಾಲ ಕೆಳಗೆ ಸಮುದ್ರ ತೂಗುವುದು ಬಿಟ್ಟಿರಲಿಲ್ಲ. ಮುಂದಿದ್ದವರ ಬಳಿ ಟೇಪ್ ರೆಕಾರ್ಡರು, ಹೂವಿನ ಕಂಬಳಿ, ನೈಲಾನು ಸೀರೆ ಎಲ್ಲ ಇದ್ದವು. ಕಸ್ಟಮ್ಸಿನವನು ಒಂದೊಂದನ್ನೂ ಎತ್ತಿ ನೋಡಿ, ಇಟ್ಟು, ಮತ್ತೆ ಎತ್ತುತ್ತಿದ್ದ. ಪಾಳಿ ಬಂದಾಗ ಸಾಯಬಣ್ಣ ತನ್ನ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ. ಎರಡು ಅಂಗಿ, ಒಂದು ಲುಂಗಿ, ಒಂದು ಹಿತ್ತಾಳೆ ಡಬ್ಬಿ.

"ಇಸ್ ಮೇಂ ಕ್ಯಾ ಹೈ?"

"ಕುಛ್ ನಹೀಂ ಸಾಬ್."

ಏನೂ ಇಲ್ಲ ಎಂದವನನ್ನು ಯಾವ ಸಾಹೇಬ ನಂಬಿದ್ದಾನೆ? ಮುಚ್ಚಳ ತೆಗೆದ, ತಳಕ್ಕೆ ಬೆರಳಿನಿಂದ ಬಡಿದ, ಮೂಗಿನ ಹತ್ತಿರ ಹಿಡಿದ. ಆಮೇಲೆ ಪಕ್ಕದವನಿಗೆ ಕೇಳಿಸುವ ಹಾಗೆ ಹೇಳಿದ: "ದುಬೈ ಸೇ ಖಾಲಿ ಡಬ್ಬಾ ಲೇಕೆ ಆಯಾ. ಪೂರೇ ಜಹಾಜ್ ಮೇಂ ಏಕ್ ಹೀ ಸಾಧು ಮಹಾರಾಜ್."

ದುಬೈಯಿಂದ ಖಾಲಿ ಡಬ್ಬಿ ತಂದ ಸನ್ಯಾಸಿ ಎಂಬ ಮಾತಿಗೆ ಪಕ್ಕದವನು ನಕ್ಕ. ಬೇರೆ ದಿನವಾಗಿದ್ದರೆ ಸಾಯಬಣ್ಣ ಆ ನಗುವಿಗೆ ಏನಾದರೂ ಕೊಟ್ಟೇ ಹೋಗುತ್ತಿದ್ದ. ಮೂರನೆಯ ಇಯತ್ತೆಯಲ್ಲಿ ಮಾಸ್ತರನ ಕೈಯಿಂದ ಛಡಿ ಕಸಿದು ಮುರಿದು ಶಾಲೆ ಬಿಟ್ಟ ಪ್ರಾಣಿ ಅವನು. ಆದರೆ ಸಿಟ್ಟು ಬರಲಿಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು. ಬಟ್ಟೆ ತುರುಕಿಕೊಂಡು, ಡಬ್ಬಿಯನ್ನು ಎಲ್ಲಕ್ಕಿಂತ ಕೆಳಗೆ ಹುಗಿದು ಹೊರಗೆ ಬಂದ.

ಡಬ್ಬಿ ಅವನದಲ್ಲ. ಅವನ ಗೆಳೆಯ ಖಂಡಪ್ಪನ ಹೆಂಡತಿ ದಾನವ್ವ ತವರಿನಿಂದ ತಂದದ್ದು. ಮುಚ್ಚಳದ ಮೇಲೆ ಅವಳ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು. ಖಂಡಪ್ಪ ದುಬೈಗೆ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿ ಎರಡು ವರ್ಷ. ಕಡೆಯ ಎಂಟು ತಿಂಗಳು ಅವನಿಂದ ಒಂದು ಕಾಗದವಿಲ್ಲ. ಭಾಂಡುಪಿನ ಗುಡ್ಡದ ಮೇಲೆ ಕಲಬುರ್ಗಿ ಕಡೆಯ ಮಂದಿಯದೇ ಒಂದು ಗಲ್ಲಿಯಿತ್ತು. ಆ ಗಲ್ಲಿಯವರೆಲ್ಲ ಕೂಡಿ, ಯಾರಾದರೊಬ್ಬರು ಹೋಗಿ ಕಣ್ಣಾರೆ ನೋಡಿ ಬರಲಿ ಎಂದು ಸಾಯಬಣ್ಣನಿಗೆ ಹೋಗಿ ಬರುವ ಟಿಕೇಟು ತೆಗೆಸಿಕೊಟ್ಟರು. ಅಲ್ಲಿರಲು ಒಂದು ತಿಂಗಳ ಪರವಾನಗಿ. ಹೊರಡುವ ದಿನ ಖಂಡಪ್ಪನ ತಾಯಿ ಗುರುಬಾಯಿ ಆ ಡಬ್ಬಿಯ ತುಂಬ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಒತ್ತಿ ಒತ್ತಿ ತುಂಬಿ ಕೊಟ್ಟಿದ್ದಳು.

ತುಂಬಿ ಕೊಟ್ಟ ಡಬ್ಬಿ ಬರಿದಾಗಿ ಹಿಂದಿರುಗುವುದಿಲ್ಲ. ಗಲ್ಲಿಯಲ್ಲಿ ಚಿಕ್ಕವರಿಗೂ ಗೊತ್ತಿದ್ದ ಮಾತು ಇದು. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ, ನಾಲ್ಕು ಕಾಳು ಜೋಳ. ತೊಳೆದ ಬರಿ ಡಬ್ಬಿ ಬರುವುದು ಒಂದೇ ಮನೆಯಿಂದ. ಸತ್ತವರ ಮನೆಗೆ ಬೀಗರು ಬುತ್ತಿ ಒಯ್ಯುತ್ತಾರಲ್ಲ, ಆ ಬುತ್ತಿಯ ಡಬ್ಬಿ ಮಾತ್ರ ಹಾಗೆ ಬರುತ್ತದೆ.

ಬೋರಿಬಂದರಿಗೆ ನಡೆದು ಬಂದು ಸ್ಲೋ ಲೋಕಲ್ ಹತ್ತಿದ. ಟಿಕೇಟು ತೆಗೆದ ಮೇಲೆ ಕಿಸೆಯಲ್ಲಿ ಎರಡು ಚಾ ಕುಡಿಯುವಷ್ಟೂ ಉಳಿಯಲಿಲ್ಲ. ಪ್ಲಾಟ್‌ಫಾರ್ಮಿನ ತುಂಬ ಸರಕಾರದ ಹೊಸ ಬೋರ್ಡುಗಳು: ಮಾತು ಕಡಿಮೆ ಮಾಡಿ, ದುಡಿಮೆ ಹೆಚ್ಚು ಮಾಡಿ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಗಾಡಿ ಬಿಟ್ಟಿತು. ಇನ್ನೆಷ್ಟು ದುಡೀಬೇಕಂತ, ಎಂದುಕೊಂಡ. ಬೈಕುಲ್ಲಾದಲ್ಲಿ ಹಣ್ಣಿನ ಬುಟ್ಟಿ ಹೊತ್ತ ಹೆಂಗಸರು ನುಗ್ಗಿದರು. ಆ ವಾಸನೆ ಬಡಿದದ್ದೇ ಅವನ ಬಾಯಲ್ಲಿ ನೀರಿನ ಬದಲು ಕಹಿ ಬಂತು.

ದುಬೈಯಲ್ಲಿ ಖಂಡಪ್ಪ ಸಿಕ್ಕಿದ್ದ. ಜೀವಂತ ಇದ್ದ. ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ಮಂದಿಯ ನಡುವೆ ಅವನನ್ನು ಗುರುತು ಹಿಡಿಯಲು ಸಾಯಬಣ್ಣನಿಗೆ ಹೊತ್ತು ಬೇಕಾಯಿತು, ಅಷ್ಟೆ. ಕಂತ್ರಾಟದಾರ ಎಲ್ಲರ ಪಾಸ್‌ಪೋರ್ಟು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡು ಎಂಟು ತಿಂಗಳಿಂದ ಕಣ್ಮರೆಯಾಗಿದ್ದ. ಪಗಾರವಿಲ್ಲ, ಮನೆಗೆ ಬರುವ ಹಾದಿಯಿಲ್ಲ. ಕನ್ನಡ ಬರೆಯಬಲ್ಲವನಿದ್ದ ಒಬ್ಬನೂ ಬೇರೆ ಊರಿಗೆ ಕೆಲಸ ಹುಡುಕಿಕೊಂಡು ಹೋಗಿದ್ದ. ಕಾಗದ ನಿಂತದ್ದು ಹಾಗೆ. ರಮಜಾನಿನ ತಿಂಗಳು ಅದು. ಹೊತ್ತು ಮುಳುಗಿದಾಗ ಮಸೂತಿಯ ಮುಂದೆ ಚಾಪೆ ಹಾಸಿ, ಕುಳಿತವರಿಗೆಲ್ಲ ಜಾತಿ ಕೇಳದೆ ಮೂರು ಮೂರು ಖಜೂರ, ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದರು. ಶೆಡ್ಡಿನವರಿಗೆ ಅದೇ ಊಟ. ಸಾಯಬಣ್ಣನೂ ಆ ಸಾಲಿನಲ್ಲೇ ಕುಳಿತ. ಹೋದ ದಿನವೇ ಶೇಂಗಾ ಹಿಂಡಿ ಇಪ್ಪತ್ತೆರಡು ಮಂದಿಯ ಬೆರಳಲ್ಲಿ ಮುಗಿದಿತ್ತು. ಖಂಡಪ್ಪ ದಿನವೂ ಒಂದು ಖಜೂರ ತಿಂದು ಎರಡನ್ನು ಆ ಬರಿದಾದ ಡಬ್ಬಿಗೆ ಹಾಕುತ್ತ ಬಂದ.

ಹೊರಡುವ ದಿನ ಡಬ್ಬಿ ಕೊಟ್ಟು ಹೇಳಿದ್ದ: "ಅವ್ವಗ ಛಲೋ ಅದಾನಂತ ಹೇಳು. ಯುಗಾದಿಗಿ ಬರ್ತಾನಂತ ಹೇಳು. ಇಲ್ಲಿಂದು ಏನೂ ಹೇಳಬ್ಯಾಡ. ನೀ ಬಾಯಿಲೆ ಹೇಳಿದ್ದು ಆಕಿ ನಂಬಾಂಗಿಲ್ಲ. ಡಬ್ಬಿ ನೋಡಿದಳಂದ್ರ ನಂಬ್ತಾಳ."

ಡೆಕ್ ಟಿಕೇಟಿಗೆ ಊಟವಿರಲಿಲ್ಲ. ಕೈಯಲ್ಲಿ ಉಳಿದದ್ದನ್ನು ಸಾಯಬಣ್ಣ ಖಂಡಪ್ಪನಿಗೇ ಬಿಟ್ಟು ಬಂದಿದ್ದ. ಯಾರೋ ಕೊಟ್ಟ ಒಣ ರೊಟ್ಟಿ ಮೂರು ದಿನಕ್ಕೆ ಮುಗಿಯಿತು. ನಡುವೆ ಒಂದು ಬಂದರಿನ ಹೊರಗೆ ಹಡಗು ಎರಡು ದಿನ ಸುಮ್ಮನೆ ನಿಂತಿತು. ಐದನೆಯ ದಿನ ಸಾಯಬಣ್ಣ ಡಬ್ಬಿ ತೆಗೆದ. ಒಂದು ತಿಂದರೆ ಗುರುಬಾಯವ್ವಗೇನು ಗೊತ್ತಾಗುತ್ತದೆ ಎಂದುಕೊಂಡ. ಎರಡು ತಿಂದರೂ ಗೊತ್ತಾಗುವುದಿಲ್ಲ. ಏಳನೆಯ ದಿನಕ್ಕೆ ಡಬ್ಬಿಯ ತಳ ಕಂಡಿತು. ಎಂಜಲು ಡಬ್ಬಿ ಒಯ್ಯಬಾರದೆಂದು ಸಮುದ್ರದ ನೀರಿನಲ್ಲಿ ಅದನ್ನು ತಿಕ್ಕಿ ತೊಳೆದ. ಚಿನ್ನದ ಹಾಗೆ ಹೊಳೆಯಿತು. ಸತ್ತವರ ಮನೆಯಿಂದ ಬರುವ ಡಬ್ಬಿಯೂ ಹೀಗೇ ಹೊಳೆಯುತ್ತದೆಂದು ಆಗಲೇ ನೆನಪಾದದ್ದು.

ಮೊದಲು ನನ್ನ ಖೋಲಿಗೆ ಹೋಗಬೇಕು, ಒಂದು ಹಿಡಿ ಸಕ್ಕರೆ ಹಾಕಬೇಕು, ಆಮೇಲೆ ಅವ್ವನ ಮನೆ. ಕುರ್ಲಾ, ಘಾಟ್ಕೋಪರ್, ವಿಕ್ರೋಳಿ ದಾಟುವಾಗ ಜಪದ ಹಾಗೆ ಇದನ್ನೇ ಹೇಳಿಕೊಂಡ. ಭಾಂಡುಪಿನಲ್ಲಿ ಇಳಿದು ಗುಡ್ಡ ಹತ್ತುವಾಗ ಎರಡು ಸಲ ಕುಳಿತ.

ಗಲ್ಲಿಯ ಬಾಯಲ್ಲೇ ನಳವಿತ್ತು. ಸಂಜೆ ನೀರು ಬರುವ ಹೊತ್ತು. ಕೊಡ ಹಿಡಿದು ನಿಂತಿದ್ದ, ಗುರುಬಾಯಿಯ ಪಕ್ಕದ ಮನೆಯ ಮಲ್ಲವ್ವ ಅವನನ್ನು ಕಂಡವಳೇ ಕೊಡ ಅಲ್ಲೇ ಬಿಟ್ಟಳು.

"ಯವ್ವಾ ಗುರುಬಾಯಿ, ಸಾಯಬ್ಯಾ ಬಂದ ನೋಡು."

"ಮಲ್ಲಕ್ಕಾ, ಖೋಲಿಗಿ ಹೋಗಿ ಮಾರಿ ತೊಳಕೊಂಡು ಬರ್ತೀನಿ" ಎಂದ ಸಾಯಬಣ್ಣ.

"ಮಾರಿ ಎಲ್ಲೂ ಓಡಿ ಹೋಗಾಂಗಿಲ್ಲ. ಮುದುಕಿ ದಾರಿ ನೋಡಿ ನೋಡಿ ಸೊರಗ್ಯಾಳ, ನಡಿ ಮೊದಲ" ಎಂದು ಚೀಲವನ್ನು ಅವನ ಹೆಗಲಿನಿಂದ ಕಿತ್ತುಕೊಂಡೇ ನಡೆದಳು.

ಗುರುಬಾಯಿ ಆಗ ತಾನೆ ಕೆಲಸದಿಂದ ಬಂದು ಹೊಸ್ತಿಲ ಮೇಲೆ ಕುಳಿತಿದ್ದಳು. ಇಟ್ಟಂಗಿ ಹೊತ್ತ ಸಿಂಬೆ ಇನ್ನೂ ಮಡಿಲಲ್ಲಿತ್ತು, ಹುಬ್ಬಿನ ಮೇಲೆ ಸಿಮೆಂಟು. ದಾನವ್ವ ಒಳಗಿನಿಂದ ನೀರಿನ ಚೊಂಬು ತಂದಿಟ್ಟು ಬಾಗಿಲ ಸಂದಿಗೆ ಸರಿದಳು. ನಾಲ್ಕು ನಿಮಿಷದಲ್ಲಿ ಗಲ್ಲಿ ನೆರೆಯಿತು. ಎಲ್ಲರನ್ನೂ ಕೆಲಸಕ್ಕೆ ಹಚ್ಚುವ ಮುಕಾದಮ ಬಸವಂತರಾಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಬೀಡಿ ಹಚ್ಚಿದ.

"ಏನಪಾ ಫಾರಿನ್ ಸಾಹೇಬ, ಕರ್ರಗ ಕೆಂಡದಾಗ ಸುಟ್ಟ ಬದನಿಕಾಯಿ ಆಗಿ ಬಂದೀ. ಅಲ್ಲಿ ಸೂರ್ಯಾ ಬ್ಯಾರೆ ಅದಾನೇನು?"

"ಸೂರ್ಯಾ ಅವನೇ ಕಾಕಾ. ನೆಳ್ಳಿಲ್ಲ."

"ನನ್ನ ಮಗಾ?" ಎಂದಳು ಗುರುಬಾಯಿ.

"ಛಲೋ ಅದಾನ ಯವ್ವಾ. ಮೈಕೈ ತುಂಬಿಕೊಂಡಾನ. ದೊಡ್ಡ ಬಿಲ್ಡಿಂಗಿನ ಕೆಲಸ, ಕೈ ಬಿಡುವಿಲ್ಲ, ಅದಕ್ಕ ಕಾಗದ ಇಲ್ಲ. ಯುಗಾದಿಗಿ ಬರ್ತೀನಂದಾನ."

ಹೇಳುತ್ತ ಹೇಳುತ್ತ ಅವನಿಗೇ ತನ್ನ ದನಿ ಬೇರೆಯವರದೆನಿಸಿತು. ಗುರುಬಾಯಿ ಕಣ್ಣು ಮಿಟುಕಿಸದೆ ಅವನ ಬಾಯಿಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಮಲ್ಲವ್ವ ಚೀಲದಲ್ಲಿ ಕೈಹಾಕಿಯಾಗಿತ್ತು.

"ಮಗಾ ಅವ್ವಗ ಏನ್ ಕಳಿಸ್ಯಾನ ನೋಡೂಣು."

"ಮಲ್ಲಕ್ಕಾ, ತಡಿ—"

ಮುಚ್ಚಳ ತೆರೆಯಿತು. ಸಂಜೆಯ ಬಿಸಿಲು ಡಬ್ಬಿಯೊಳಗೆ ಹೊಕ್ಕು ತಳದವರೆಗೂ ಹೊಳೆಯಿತು. ಮಲ್ಲವ್ವನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಬಸವಂತರಾಯ ಬೀಡಿಯನ್ನು ಕಲ್ಲಿಗೆ ಒರಸಿ ಆರಿಸಿ, ತಲೆಯ ಮೇಲಿನ ಟೋಪಿ ತೆಗೆದ.

"ಎಂದಾತು?" ಎಂದಳು ಗುರುಬಾಯಿ. ಅಳಲಿಲ್ಲ.

"ಏನೂ ಆಗಿಲ್ಲ ಯವ್ವಾ. ನಿನ್ನಾಣಿ. ಅವ ಜೀವಂತ ಅದಾನ."

"ಎಂದಾತು ಅಂತ ಕೇಳಿದೆ."

ಸಾಯಬಣ್ಣ ಸುತ್ತ ನೋಡಿದ. ಒಬ್ಬನೂ ಅವನ ಮಾತು ನಂಬಿರಲಿಲ್ಲ. ಹೇಗೆ ನಂಬಿಯಾರು? ಹೋದ ವರ್ಷ ಆಂಟಾಪ್ ಹಿಲ್ಲಿನ ಕೆಲಸದಲ್ಲಿ ಸಂಗಪ್ಪ ಆರನೆಯ ಮಹಡಿಗೆ ಬಿದಿರು ಕಟ್ಟಿದ ಪರಾಂಚಿಯಿಂದ ಬಿದ್ದಾಗ, ಅವನ ಹೆಂಡತಿಗೆ ಇದೇ ಗಂಡಸರು ಇದೇ ಮಾತು ಹೇಳಿದ್ದರು. ಛಲೋ ಅದಾನ, ದವಾಖಾನೆಯಲ್ಲಿ ಅದಾನ, ನಾಳೆ ಬರ್ತಾನ. ಮರುದಿನ ಬಂದದ್ದು ಹೆಣ. ಹಾಗೆ ಹೇಳಿದವರಲ್ಲಿ ಸಾಯಬಣ್ಣನೂ ಒಬ್ಬ.

ಮಲ್ಲವ್ವ ಸ್ವರ ತೆಗೆದು ಅಳತೊಡಗಿದಳು. ಬಸವಂತರಾಯ ತಗ್ಗಿದ ದನಿಯಲ್ಲಿ, "ಯಾರರೆ ಹೋಗಿ ನೀರು ಕಾಯಿಸಲಿಕ್ಕೆ ಇಡ್ರಿ, ಮೈ ತೊಳಕೋಬೇಕು ಎಲ್ಲಾರು" ಎಂದ. ದಾನವ್ವ ಬಾಗಿಲಿನಿಂದ ಹೊರಗೆ ಬಂದಳು. ಯಾರ ಕಡೆಗೂ ನೋಡದೆ ಒರಳುಕಲ್ಲಿನ ಬಳಿ ಕುಳಿತು, ಎಡಗೈ ಕಲ್ಲಿನ ಮೇಲಿಟ್ಟು, ಬಲಗೈಯಲ್ಲಿ ಗುಂಡುಕಲ್ಲು ಎತ್ತಿದಳು. ಹಸಿರು ಬಳೆ, ಕೈಗೆ ಆರು.

"ನಾ ತಿಂದೆ" ಎಂದ ಸಾಯಬಣ್ಣ.

ಅಳುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನು ಎದ್ದು ಹೋಗಿ ದಾನವ್ವನ ಕೈಯಲ್ಲಿದ್ದ ಕಲ್ಲನ್ನು ಹಿಡಿದುಕೊಂಡ.

"ನಾ ತಿಂದೇನವ್ವ ತಂಗಿ. ಖಜೂರ ಇದ್ದುವು. ಡಬ್ಬಿ ತುಂಬ ಕೊಟ್ಟಿದ್ದ. ಹಡಗದಾಗ ನಾನೇ ಎಲ್ಲಾ ತಿಂದೆ."

ಅಂಗಿಯ ಕಿಸೆಯಲ್ಲಿ ಕೈಹಾಕಿ ತೆಗೆದ. ಖಜೂರದ ಬೀಜಗಳು. ಖಜೂರ ಮುಗಿದ ಮೇಲೂ ಎರಡು ದಿನ ಅವನ್ನೇ ಬಾಯಲ್ಲಿಟ್ಟುಕೊಂಡು ಚೀಪಿದ್ದ. ನುಣ್ಣಗೆ, ಬೆಳ್ಳಗೆ ಆಗಿದ್ದವು. ಒಂದು ಹಿಡಿ ಬೀಜ ದಾನವ್ವನ ಮುಂದೆ ಹಿಡಿದ.

ಮಲ್ಲವ್ವನ ಅಳು ಅರ್ಧಕ್ಕೆ ನಿಂತಿತು. ಬಸವಂತರಾಯ ಟೋಪಿ ಮತ್ತೆ ತಲೆಗೆ ಇಟ್ಟುಕೊಂಡ. ಹೆದರಿದ್ದವನಿಗೆ ಹೆದರಿಕೆ ಹೋದ ಕೂಡಲೇ ಬರುವ ಸಿಟ್ಟು ಅವನಿಗೆ ಬಂದಿತ್ತು.

"ನಾಚಿಗಿ ಇಲ್ಲೇನಲೇ ನಿನಗ? ಎಂಟು ತಿಂಗಳು ದಾರಿ ಕಾದ ತಾಯಿ ಪಾಲಿಂದು ತಿಂದು, ಡಬ್ಬಿ ಬ್ಯಾರೆ ತೊಳಕೊಂಡು ಬಂದಾನ. ಇಡೀ ಗಲ್ಲಿ ಟಿಕೇಟು ಕೊಟ್ಟಿದ್ದು ಇದಕ್ಕೇನು?"

ಸಾಯಬಣ್ಣನಿಗೆ ಉತ್ತರಗಳು ಬೇಕಾದಷ್ಟಿದ್ದವು. ನೀನೂ ಒಂಬತ್ತು ದಿನ ಹೋಗಿ ಮಲಗು ಕಾಕಾ ಎನ್ನಬಹುದಿತ್ತು. ಖಂಡಪ್ಪನನ್ನು ದುಬೈಗೆ ಕಳಿಸಿದ ಏಜೆಂಟನ ಬಳಿ ಕರೆದುಕೊಂಡು ಹೋದವನು ನೀನೇ ಅಲ್ಲವೇ ಎಂದೂ ಕೇಳಬಹುದಿತ್ತು. ಎರಡನ್ನೂ ಬಿಟ್ಟು, ಬೀಜ ಹಿಡಿದ ಕೈಯನ್ನು ಗುರುಬಾಯಿಯ ಮುಂದೆ ಚಾಚಿದ.

"ನೀ ಸುಮ್ಮನಿರು ಬಸವಂತಣ್ಣ" ಎಂದಳು ಗುರುಬಾಯಿ. ಒಂದು ಬೀಜ ಎತ್ತಿ ಬೆರಳ ನಡುವೆ ಹೊರಳಿಸಿ ನೋಡಿದಳು. "ಯಾಕ ತಿಂದಿ ತಮ್ಮಾ?"

"ಹಸಿವ್ಯಾಗಿತ್ತು."

"ಹೊಂಡೂ ಮುಂದ ಖಂಡ್ಯಾ ಬುತ್ತಿ ಕಟ್ಟಲಿಲ್ಲೇನು ನಿನಗ?"

ಸಾಯಬಣ್ಣ ಉಳಿದ ಬೀಜಗಳನ್ನು ಹೊಸ್ತಿಲ ಮೇಲೆ ಸುರಿದ. ಮನೆಗೆ ಬಂದವನನ್ನು ಬುತ್ತಿ ಕಟ್ಟದೆ ಹಾದಿಗೆ ಹಚ್ಚುವ ಮಗನನ್ನು ಗುರುಬಾಯಿ ಹೆತ್ತಿರಲಿಲ್ಲ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು, ನಿಂತವರಿಗೆಲ್ಲ ಗೊತ್ತು.

"ಅಂದ್ರ, ಅವಂಗೂ ಇಲ್ಲ" ಎಂದಳು.

ಆಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಸಾಯಬಣ್ಣ ಎಲ್ಲ ಹೇಳಿದ. ಶೆಡ್ಡು, ಪಾಸ್‌ಪೋರ್ಟು, ಕಾಣೆಯಾದ ಕಂತ್ರಾಟದಾರ, ಮಸೂತಿಯ ಚಾಪೆ, ದಿನಕ್ಕೆ ಒಂದು ತಿಂದು ಎರಡು ಎತ್ತಿಟ್ಟದ್ದು. ಸಿಟ್ಟಿಲ್ಲದೆ ಹೇಳಿದ, ಗೋಡೆಯ ಅಳತೆ ಹೇಳುವ ಹಾಗೆ. ಯುಗಾದಿಯ ಮಾತನ್ನು ಅವನೂ ಮತ್ತೆ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಮಂದಿ ಒಬ್ಬೊಬ್ಬರಾಗಿ ಕರಗಿದರು. ನಳ ನಿಂತು ಹೋಗಿತ್ತು. ಮಲ್ಲವ್ವನ ಕೊಡ ಅರ್ಧವೇ ತುಂಬಿತ್ತು. ಬಸವಂತರಾಯ ಹೋಗುವಾಗ, "ನಾಳಿ ಆ ಏಜೆಂಟನ ಆಫೀಸಿಗಿ ಹೋಗೂಣು" ಎಂದ. ಆಫೀಸಿಗೆ ಬೀಗ ಬಿದ್ದು ಮೂರು ತಿಂಗಳಾಗಿತ್ತು.

ಗುರುಬಾಯಿ ಒಲೆ ಹಚ್ಚಿದಳು. ಎರಡು ಬಿಸಿ ರೊಟ್ಟಿ, ಒಂದು ಉಳ್ಳಾಗಡ್ಡಿ ಅವನ ಮುಂದಿಟ್ಟಳು. "ಉಣ್ಣು" ಎಂದಳು. ಸಾಯಬಣ್ಣ ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡ. "ಉಣ್ಣಪಾ. ನೀ ಉಪಾಸ ಕುಂತರ ಅಲ್ಲಿ ಅವನ ಹೊಟ್ಟಿ ತುಂಬ್ತದೇನು?"

ಉಂಡ. ಎರಡನೆಯ ರೊಟ್ಟಿ ಅರ್ಧವಾಗುವಾಗ ದಾನವ್ವ ಹತ್ತಿರ ಬಂದು ಕುಳಿತಳು. ಬೀಜಗಳನ್ನೆಲ್ಲ ಸೆರಗಿನಲ್ಲಿ ಆರಿಸಿಕೊಂಡಿದ್ದಳು.

"ಅಣ್ಣಾ," ಎಂದಳು, "ಸೀ ಇದ್ದುವೇನು?"

ಸಾಯಬಣ್ಣ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. ಚೊಂಬಿನ ನೀರೆಲ್ಲ ಕುಡಿದ.

"ಭಾಳ ಸೀ ಇದ್ದುವವ್ವಾ."

ಅವಳು ತಲೆಯಾಡಿಸಿದಳು. ಬೀಜಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ಒಲೆಯ ಪಕ್ಕದ ಗೂಡಿನಲ್ಲಿಟ್ಟು, ಅವನ ಚೊಂಬಿಗೆ ಮತ್ತಷ್ಟು ನೀರು ತರಲು ಎದ್ದಳು.