ಅಳಿಸಲು ಬಂದ ಡಿಸ್ಕು

ಹೆಂಡತಿಯ ಸಮಾಧಿಯ ಮಣ್ಣು ಇನ್ನೂ ಹಸಿಯಿರುವಾಗಲೇ ಅವಳ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಇದರಲ್ಲಿರುವುದನ್ನೆಲ್ಲ ಅಳಿಸಿಕೊಡು ಎನ್ನುವ ಗಂಡಸಿನ ಬಗ್ಗೆ ಏನು ತಿಳಿದುಕೊಳ್ಳಬೇಕು, ನೀವೇ ಹೇಳಿ. ಆ ಹೆಂಡತಿ ನನ್ನ ತಂಗಿ ಸೋಲ್ಫ್ರಿ. ಆ ಗಂಡಸು ಐಲರ್ಟ್. ಅವನು ಬಂದದ್ದು ಬೇರೆ ಯಾರ ಹತ್ತಿರವೂ ಅಲ್ಲ, ನನ್ನ ಹತ್ತಿರವೇ. ಅವನ ಧೈರ್ಯ ನೋಡಿ.

ನಮ್ಮ ಊರು ನಾಮ್ಸೋಸ್‌ನಲ್ಲಿ ಸಮುದಾಯ ಭವನದ ನೆಲಮಾಳಿಗೆಯಲ್ಲಿ ಗುರುವಾರ ಗುರುವಾರ ರಿಪೇರಿ ಕೂಟ ಸೇರುತ್ತದೆ. ನಿವೃತ್ತರಾದ ಮೇಲೂ ಕೈ ಸುಮ್ಮನಿರದವರೆಲ್ಲ ಅಲ್ಲಿರುತ್ತೇವೆ. ಗೆಳೆಯ ಊದ್‌ಮುಂದ್ ರೇಡಿಯೊ, ಟೋಸ್ಟರು ನೋಡುತ್ತಾನೆ. ನಾನು ಟೆಲಿಫೋನ್ ಇಲಾಖೆಯಲ್ಲಿ ಜೀವ ತೇಯ್ದವಳು, ಕಂಪ್ಯೂಟರು ನನ್ನ ಪಾಲು. ಜನ ಹಳೆಯ ಯಂತ್ರಗಳನ್ನು ಕೊಟ್ಟುಹೋಗುತ್ತಾರೆ. ನಾವು ಹಾರ್ಡ್ ಡಿಸ್ಕ್ ಅಳಿಸಿ, ಧೂಳು ಹೊಡೆದು, ಬೇಕಾದವರಿಗೆ ಕೊಡುತ್ತೇವೆ.

ಅಳಿಸುವುದೆಂದರೆ ಸುಮ್ಮನೆ ಅಲ್ಲ. ಫೈಲನ್ನು ಕಸದ ಬುಟ್ಟಿಗೆ ಹಾಕಿದೆ, ಹೋಯಿತು ಎಂದು ನಂಬುವವರು, ಬಾಗಿಲ ಮೇಲಿನ ಹೆಸರು ಕಿತ್ತರೆ ಮನೆಯೇ ಮಾಯವಾಯಿತು ಎನ್ನುವಂಥವರು. ಡಿಸ್ಕಿನ ಈ ತುದಿಯಿಂದ ಆ ತುದಿಯವರೆಗೆ ಒಂದಿಂಚೂ ಬಿಡದೆ ಬೇರೇನನ್ನೋ ಮೇಲೆ ಬರೆಯಬೇಕು, ಆಗಲೇ ಹಳೆಯದು ಸಾಯುವುದು. ಬೇರೆ ಕಡೆ ಸೊನ್ನೆ ತುಂಬಿಸುತ್ತಾರೆ. ನಮ್ಮ ಕೂಟದಲ್ಲಿ ಹಾಗಿಲ್ಲ. ಸೊನ್ನೆಯಿದ್ದರೆ ಅದು ನಾವು ಅಳಿಸಿದ್ದೋ, ಮೊದಲಿನಿಂದಲೂ ಖಾಲಿಯಿದ್ದದ್ದೋ ಯಾರಿಗೆ ಗೊತ್ತು? ಅದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಮಾತು. ಅದನ್ನೇ ಡಿಸ್ಕ್ ತುಂಬುವವರೆಗೂ ಮತ್ತೆ ಮತ್ತೆ ಬರೆಸುತ್ತೇವೆ. ಪರೀಕ್ಷಿಸುವವನು ಅಲ್ಲಲ್ಲಿ ಇಣುಕಿ ನೋಡಿ, ಇದು ಇಂಥವರ ಕೈ ಎಂದು ತಿಳಿಯುತ್ತಾನೆ. ಊದ್‌ಮುಂದ್‌ನದು ಅವನ ದೋಣಿಯ ಹೆಸರು. ನನ್ನದು ‘ಊಟ ಚೆನ್ನಾಗಿತ್ತು, ಧನ್ಯವಾದ’. ಸೋಲ್ಫ್ರಿ ಕಾಯಿಲೆ ಬೀಳುವ ಮೊದಲು ನಮ್ಮ ಜೊತೆ ಕೂರುತ್ತಿದ್ದಳು. ಅವಳದು ‘ಇಲ್ಲೇನೂ ಇಲ್ಲ, ಮುಂದೆ ಹೋಗಿ’. ಈ ಕೆಲಸ ಅವಳಿಗೆ ಕಲಿಸಿದ್ದು ನಾನೇ.

ನನಗೆ ಅನುಮಾನ ಜಾಸ್ತಿ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಹಾಲಿನ ಪೊಟ್ಟಣದ ತಾರೀಕು ನೋಡದೆ ಕುಡಿಯುವವರ ಹೊಟ್ಟೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ. ಐಲರ್ಟ್‌ನ ಮೇಲೆ ನನಗೆ ಹುಟ್ಟಿದ ಅನುಮಾನವಂತೂ ಸುಮ್ಮನೆ ಹುಟ್ಟಿದ್ದಲ್ಲ.

ಕಾಯಿಲೆ ಸೋಲ್ಫ್ರಿಯ ಮಾತನ್ನು ಮೊದಲು ಕಿತ್ತುಕೊಂಡಿತು. ಆಮೇಲೆ ಕಾಲು, ಆಮೇಲೆ ಒಂದು ಕೈ. ಮಾತು ನಿಂತ ಮೇಲೆ ಏನು ಹೇಳಬೇಕಾದರೂ ಆ ಲ್ಯಾಪ್‌ಟಾಪಿನಲ್ಲೇ ಒಂದೊಂದಾಗಿ ಅಕ್ಷರ ಒತ್ತುತ್ತಿದ್ದಳು. ಶರತ್ಕಾಲದವರೆಗೂ ನಾನು ದಿನಾ ಹೋಗುತ್ತಿದ್ದೆ. ಹಾಸಿಗೆ ಸರಿಯಿಲ್ಲ ಎಂದು ಹಾಸಿಗೆ ಬದಲಾಯಿಸಿದೆ, ಗಾಲಿಕುರ್ಚಿಯ ಬ್ರೇಕು ಬಿಗಿ ಮಾಡಿದೆ, ಅವಳ ಕತ್ತಿಗೆ ನಾನೇ ಒಂದು ಆಧಾರ ಹೊಲಿದೆ. ಆಮೇಲೆ ಒಂದು ದಿನ ಬಾಗಿಲು ಮುಚ್ಚಿತು. ಬೆಲ್ ಒತ್ತಿದರೆ ಐಲರ್ಟ್ ಬರುತ್ತಿದ್ದ, ಮಲಗಿದ್ದಾಳೆ, ಇವತ್ತು ಬೇಡ ಅನ್ನುತ್ತಿದ್ದ. ಅವಳ ಫೋನಿಗೆ ಬರೆದರೆ ಅವನ ಫೋನಿನಿಂದ ಉತ್ತರ. ಇವತ್ತು ಬೇಡ, ನಾಳೆಯೂ ಬೇಡ. ಮರದ ಮಿಲ್ಲಿನಲ್ಲಿ ಜೀವಮಾನವಿಡೀ ಗರಗಸದ ಸದ್ದಿನ ಮಧ್ಯೆ ನಿಂತವನು, ಅದಕ್ಕಿಂತ ಹೆಚ್ಚು ಮಾತು ಅವನಿಗೆ ಬರುವುದೂ ಇಲ್ಲ.

ಕ್ರಿಸ್‌ಮಸ್ ಹಿಂದಿನ ದಿನ ಏಲಕ್ಕಿ ಬನ್ನಿನ ಬುಟ್ಟಿ ಹಿಡಿದು ಹಿಮದಲ್ಲಿ ನಿಂತೆ. ಅವನು ಬಾಗಿಲ ಸಂದಿಯಿಂದ ಅದೇ ರಾಗ ತೆಗೆದ. ನನಗೆ ತಡೆಯಲಾಗಲಿಲ್ಲ.

"ನನ್ನ ತಂಗೀನ ಕೂಡಿಹಾಕಿದ್ದೀಯ ನೀನು. ನಾನು ಬಂದ್ರೆ ಅವಳು ಏನಾದ್ರೂ ಹೇಳಿಬಿಡ್ತಾಳೆ ಅಂತ ಭಯ ನಿಂಗೆ," ಎಂದು ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವ ಹಾಗೆ ಕೂಗಿದೆ.

ಅವನು ಬಾಗಿಲು ಹಾಕಿಕೊಂಡ. ಒಳಗೆ ಕಿಟಕಿಯ ಪರದೆ ಅಲುಗಿದ್ದು ಕಂಡೆ. ಅವಳನ್ನು ಮತ್ತೆ ನೋಡಿದ್ದು ಪೆಟ್ಟಿಗೆಯಲ್ಲಿ.

ಈಗ ತಿಳಿಯಿತಲ್ಲ? ನನ್ನ ತಂಗಿ ಕೊನೆಯ ಚಳಿಗಾಲದಲ್ಲಿ ಆಡಿದ ಮಾತೆಲ್ಲ ಆ ಡಿಸ್ಕಿನಲ್ಲಿತ್ತು. ಅಕ್ಕ ಎಲ್ಲಿ, ಯಾಕೆ ಬರಲಿಲ್ಲ ಎಂದು ಅವಳು ಕೇಳಿದ್ದರೆ ಅದೂ ಅದರಲ್ಲೇ ಇರಬೇಕು. ಅದನ್ನು ಅಳಿಸು ಅನ್ನುತ್ತಿದ್ದಾನೆ ಈ ಮಹಾನುಭಾವ.

ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಐಲರ್ಟ್ ಕೋಟು ಕೂಡ ಬಿಚ್ಚದೆ ನಿಂತ. ನಾಳೆ ಬಾ, ಅಳಿಸಿಟ್ಟಿರುತ್ತೇನೆ ಎಂದೆ. ಒಪ್ಪಲಿಲ್ಲ. ಊದ್‌ಮುಂದ್ ಮಾಡಿಕೊಡುತ್ತಾನೆ ಎಂದೆ. ಅದೂ ಬೇಡವಂತೆ.

"ನೀನೇ ಮಾಡು. ಮುಗಿಯೋವರೆಗೂ ನಾನು ಇಲ್ಲೇ ಕೂತಿರ್ತೀನಿ," ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನನ್ನು ಇನ್ನೂ ಯಾರೂ ಏನೂ ಕೇಳಿರಲೇ ಇಲ್ಲ. ಯಾಕೆ ಅಷ್ಟು ಕಾವಲು? ಅದರಲ್ಲೂ ನನ್ನ ಕೈಯಿಂದಲೇ ಯಾಕೆ? ನನ್ನ ತಂಗಿಯ ಮಾತನ್ನು ನಾನೇ ಸಾಯಿಸುವುದನ್ನು ಕೂತು ನೋಡುವ ಆಸೆಯೇ? ಸಿಟ್ಟನ್ನು ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಕಪಾಟಿನ ಪಕ್ಕದ ಮೇಜಿಗೆ ಒಯ್ದು ಲ್ಯಾಪ್‌ಟಾಪಿನ ತಳ ಬಿಚ್ಚಿದೆ. ಡಿಸ್ಕು ಅಂಗೈಯಗಲದ್ದು, ಹಳೆಯ ತಿರುಗುವ ಜಾತಿಯದು. ಅಂಥದ್ದೇ ನಾಲ್ಕಾರು ನನ್ನ ಡಬ್ಬದಲ್ಲಿ ಬಿದ್ದಿದ್ದವು. ಕಾಫಿ ಬಗ್ಗಿಸಿಕೋ, ತುಂಬ ಹೊತ್ತಾಗುತ್ತದೆ ಎಂದು ಐಲರ್ಟ್‌ಗೆ ಹೇಳಿದೆ. ಅವನು ಫ್ಲಾಸ್ಕಿನ ಕಡೆ ತಿರುಗಿದ. ಸೋಲ್ಫ್ರಿಯ ಡಿಸ್ಕು ನನ್ನ ಏಪ್ರನ್ನಿನ ಜೇಬಿಗೆ ಇಳಿಯಿತು, ಡಬ್ಬದ್ದೊಂದು ಮೇಜಿಗೆ ಬಂತು.

ನಮ್ಮಲ್ಲಿ ಒಂದು ನಿಯಮವಿದೆ. ಅಳಿಸುವ ಗುಂಡಿಯನ್ನು ವಸ್ತುವಿನ ಒಡೆಯನೇ ಒತ್ತಬೇಕು. ಆಮೇಲೆ ನನ್ನ ಮದುವೆಯ ಫೋಟೊ ಕಳೆದಿರಿ ಎಂದು ನಮ್ಮ ಜುಟ್ಟು ಹಿಡಿಯಬಾರದು ನೋಡಿ. ಐಲರ್ಟ್ ಬಂದು ಪರದೆಯ ಮುಂದೆ ನಿಂತ. ಬೆರಳು ಗುಂಡಿಯ ಮೇಲೆ ಇಟ್ಟು ಹಾಗೇ ಇದ್ದುಬಿಟ್ಟ. ನಾಟಕ ಅಂದುಕೊಂಡೆ. ಕೊನೆಗೆ ಒತ್ತಿದ.

ಮಧ್ಯಾಹ್ನವಿಡೀ ಅವನು ಆ ಮರದ ಕುರ್ಚಿಯಲ್ಲಿ ಕೂತಿದ್ದ. ಯಾರದೋ ಹಳೆಯ ಖಾಲಿ ಡಿಸ್ಕಿನ ಮೇಲೆ ‘ಊಟ ಚೆನ್ನಾಗಿತ್ತು, ಧನ್ಯವಾದ’ ಎಂದು ಬರೆಯುತ್ತ ಹೋಗುವ ಯಂತ್ರವನ್ನು ನೋಡುತ್ತ ಕೂತಿದ್ದ. ಊದ್‌ಮುಂದ್ ದೋಸೆಯಷ್ಟು ದೊಡ್ಡ ವಾಫಲ್ ಮೇಲೆ ಕಂದು ಚೀಸ್ ಇಟ್ಟು ಕೊಟ್ಟರೆ ತಟ್ಟೆ ಮಡಿಲಲ್ಲಿಟ್ಟುಕೊಂಡ, ತಿನ್ನಲಿಲ್ಲ. ಮುಗಿದ ಮೇಲೆ ಊದ್‌ಮುಂದ್ ಅಲ್ಲಲ್ಲಿ ಇಣುಕಿ ನೋಡಿ, ಚೊಕ್ಕಟವಾಗಿದೆ ಎಂದು ಹೆಬ್ಬೆರಳು ಎತ್ತಿದ. ಐಲರ್ಟ್ ನನ್ನ ಮುಖ ನೋಡಿದ. ಎಲ್ಲ ಹೋಯಿತಾ ಎಂದು ಕೇಳಿದ. ಎಲ್ಲ ಹೋಯಿತು ಅಂದೆ. ಅವನು ತಲೆ ಆಡಿಸಿ, ಟೊಪ್ಪಿ ಹಾಕಿಕೊಂಡು ಹೋದ. ಸಿಕ್ಕಿಬಿದ್ದೆ ಮಗನೇ ಎಂದುಕೊಂಡೆ.

ಮಾರನೇ ಬೆಳಿಗ್ಗೆ ಬಾಗಿಲಿಗೆ ಚಿಲಕ ಹಾಕಿ, ಕಾಫಿ ಇಟ್ಟುಕೊಂಡು, ಡಿಸ್ಕನ್ನು ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಫೋಟೊ, ಪತ್ರ, ಫೋಲ್ಡರು ಏನೂ ಕಾಣಲಿಲ್ಲ. ಈ ಡಿಸ್ಕನ್ನು ಓದಲಾಗುತ್ತಿಲ್ಲ, ಹೊಸದಾಗಿ ಸಿದ್ಧಪಡಿಸಬೇಕೆ ಎಂದು ಯಂತ್ರ ಕೇಳಿತು. ಆಹಾ! ಬೀಗ ಹಾಕಿಸಿದ್ದಾನೆ. ಯಾರನ್ನೋ ಹಿಡಿದು ಎಲ್ಲವನ್ನೂ ಗುಪ್ತ ಲಿಪಿಗೆ ತಿರುಗಿಸಿದ್ದಾನೆ, ಅದೂ ಸಾಲದೆಂದು ನನ್ನ ಹತ್ತಿರ ಅಳಿಸಲು ತಂದಿದ್ದಾನೆ. ಇಷ್ಟು ಭದ್ರ ಮಾಡಬೇಕಾದರೆ ಒಳಗಿರುವುದು ಎಂಥದ್ದಿರಬೇಕು! ಪೊಲೀಸರ ಹತ್ತಿರ ಹೋಗಲೇ, ಮೊದಲು ಪಾದ್ರಿಯ ಹತ್ತಿರ ಹೋಗಲೇ ಎಂಬಲ್ಲಿಯವರೆಗೆ ನನ್ನ ಬುದ್ಧಿ ಓಡಿತು.

ಗುಪ್ತ ಲಿಪಿಯಾದರೆ ಅಡ್ಡಾದಿಡ್ಡಿ ಅಕ್ಷರ ಕಾಣಬೇಕು. ಅದನ್ನಾದರೂ ನೋಡೋಣ ಎಂದು, ನಾವು ಪರೀಕ್ಷೆಗೆ ಬಳಸುವ ಪ್ರೋಗ್ರಾಮಿನಿಂದ ಡಿಸ್ಕಿನ ಮೊದಲ ತುಣುಕನ್ನು ಇದ್ದದ್ದು ಇದ್ದ ಹಾಗೆ ತೆರೆದೆ.

ಅಡ್ಡಾದಿಡ್ಡಿ ಏನೂ ಇರಲಿಲ್ಲ. ಅಚ್ಚುಕಟ್ಟಾದ ಸಾಲುಗಳು.

‘ಬಾಗಿಲು ಹಾಕಿಸಿದ್ದು ನಾನು, ಗುನ್ವೋರ್. ಅವನಲ್ಲ. ಬಾಗಿಲು ಹಾಕಿಸಿದ್ದು ನಾನು, ಗುನ್ವೋರ್. ಅವನಲ್ಲ. ಬಾಗಿಲು ಹಾಕಿಸಿದ್ದು ನಾನು, ಗುನ್ವೋರ್. ಅವನಲ್ಲ.’

ಗುನ್ವೋರ್ ಎಂದರೆ ನಾನು.

ಕೆಳಗೆ ಸರಿಸಿದೆ, ಅದೇ. ಡಿಸ್ಕಿನ ನಡುಭಾಗಕ್ಕೆ ಹಾರಿದೆ, ಅದೇ. ಕಟ್ಟಕಡೆಗೆ ಹೋದೆ. ಅಲ್ಲಿ ಜಾಗ ಮುಗಿದು ಮಾತು ಅರ್ಧಕ್ಕೆ ನಿಂತಿತ್ತು, ‘ಬಾಗಿಲು ಹಾಕಿಸಿದ್ದು ನಾ’ ಎಂದು. ನಾನು ಕಲಿಸಿದ ಕೆಲಸವನ್ನು ಅವಳು ನಾನು ಕಲಿಸಿದ ಹಾಗೆಯೇ, ಒಂದಿಂಚೂ ಬಿಡದೆ ಮಾಡಿದ್ದಳು. ಎಲ್ಲಿ ತೋಡಿದರೂ ಹಳೆಯ ಮಾತು ಒಂದೂ ಸಿಗಲಿಲ್ಲ. ಕಾಫಿ ಆರಿಹೋಯಿತು. ನಾನು ಅತ್ತುಬಿಟ್ಟೆ. ಅವಳ ಸಮಾಧಿಯ ಮುಂದೆ ಬಾರದ ಅಳು ಅಡುಗೆಮನೆಯ ಮೇಜಿನ ಮೇಲೆ ಬಂತು, ಅದರಲ್ಲಿ ಅರ್ಧ ಸಿಟ್ಟು. ನನ್ನನ್ನು ಹೊರಗಿಟ್ಟವಳು ನೀನೇನೇ?

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಎರಡು ದಿನ ಮನೆಯೊಳಗೇ ತಿರುಗಿದೆ. ಭಾನುವಾರ ಡಿಸ್ಕನ್ನು ಕೈಚೀಲದಲ್ಲಿ ಹಾಕಿಕೊಂಡು ಐಲರ್ಟ್‌ನ ಮನೆಗೆ ಹೋದೆ. ಎಂದೂ ಬೂಟು ಬಿಚ್ಚಲು ತಾಳ್ಮೆಯಿಲ್ಲದೆ ಹಾಗೇ ನುಗ್ಗುತ್ತಿದ್ದವಳು, ಅವತ್ತು ಮೆಟ್ಟಿಲ ಮೇಲೆಯೇ ಬಿಚ್ಚಿ ಕೈಯಲ್ಲಿ ಹಿಡಿದು ಬೆಲ್ ಒತ್ತಿದೆ. ಅವನು ಬಾಗಿಲು ಪೂರ್ತಿ ತೆರೆದ. ನನ್ನ ಒದ್ದೆಯಾದ ಕಾಲುಚೀಲ ನೋಡಿ ಪಕ್ಕಕ್ಕೆ ಸರಿದ.

ಅಡುಗೆಮನೆಯಲ್ಲಿ ಕೂತು ನಾನು ಡಿಸ್ಕನ್ನು ಮೇಜಿನ ಮೇಲಿಟ್ಟೆ. ಅಳಿಸಿದ್ದು ಇದನ್ನಲ್ಲ ಎಂದು ಶುರು ಮಾಡಿದೆ.

"ಗೊತ್ತು," ಅಂದ ಐಲರ್ಟ್. "ನೀನು ಬದಲಾಯಿಸಿದ್ದು ಓರೆಗಣ್ಣಲ್ಲಿ ನೋಡ್ದೆ. ನಾನೇನು ಕುರುಡನಾ?"

ನೋಡಿಯೂ ಮಧ್ಯಾಹ್ನವಿಡೀ ಆ ಕುರ್ಚಿಯಲ್ಲಿ ಯಾಕೆ ಕೂತಿದ್ದೆ ಎಂದು ಕೇಳಿದೆ. ಸೋಲ್ಫ್ರಿಯ ಅಪ್ಪಣೆ ಹಾಗಿತ್ತಂತೆ. ನಾನು ಹೋದ ಮೇಲೆ ಇದನ್ನು ಗುನ್ವೋರ್ ಕೈಗೇ ಕೊಡು, ಅಳಿಸು ಅನ್ನು, ಅಲ್ಲೇ ಕೂತಿರು. ನೀನು ಕಾವಲು ಕೂತಷ್ಟೂ ಅವಳು ಖಂಡಿತ ಬಿಚ್ಚಿ ನೋಡುತ್ತಾಳೆ. ಬದಲಾಯಿಸಿದರೆ ಬದಲಾಯಿಸಲಿ, ಕಂಡೂ ಕಾಣದ ಹಾಗಿರು. ಇಷ್ಟನ್ನು ಟೈಪ್ ಮಾಡಿ ತೋರಿಸಿ, ಮಾರನೇ ದಿನದಿಂದ ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲವಂತೆ. ಕೈ ಸೋತಿರಬೇಕು ಎಂದುಕೊಂಡನಂತೆ ಇವನು. ಆಮೇಲೆ ಕೊನೆಯವರೆಗೂ ಕಣ್ಣು ಮಿಟುಕಿಸಿ ಹೌದು, ಅಲ್ಲ, ಅಷ್ಟೇ. ತನ್ನ ಬಾಯಾಗಿದ್ದ ಡಿಸ್ಕನ್ನೇ ಅಳಿಸಿ ನನಗೆ ಹೇಳಿ ಕಳಿಸಿದ್ದಳು ನನ್ನ ತಂಗಿ.

ಯಾಕೆ ನನ್ನನ್ನು ಬೇಡ ಅಂದಳು ಎಂದು ಕೇಳಿದೆ. ಅದನ್ನು ಕೇಳುವುದಕ್ಕೇ ಬಂದಿದ್ದೆ.

ಅವನು ಕಿಟಕಿಯ ಕಡೆ ತಿರುಗಿದ.

"ಅಕ್ಕ ಬಂದ್ರೆ ನನ್ನ ಮುಖ ನೋಡಲ್ಲ, ಎಲ್ಲಿ ಕೆಟ್ಟಿದೆ ಅಂತ ನೋಡ್ತಾಳೆ ಅಂದ್ಲು," ಎಂದ. "ಸ್ಕ್ರೂಡ್ರೈವರ್ ತಗೊಂಡೇ ಬರ್ತಾಳೆ ಅಂದ್ಲು. ರಿಪೇರಿ ಆಗಲ್ಲ ಅಂತ ಗೊತ್ತಾದ್ ದಿನ ನಿನ್ನ ಮುಖ ಹೇಗಾಗುತ್ತೋ, ಅದನ್ನ ನೋಡೋ ಶಕ್ತಿ ಅವಳಿಗಿರ್ಲಿಲ್ಲ."

ಕತ್ತಿನ ಆಧಾರ, ಗಾಲಿಕುರ್ಚಿಯ ಬ್ರೇಕು, ಹಾಸಿಗೆ. ಒಂದು ದಿನವಾದರೂ ಸುಮ್ಮನೆ ಅವಳ ಪಕ್ಕ ಕೂತಿದ್ದೆನೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವುದು ನನ್ನಂಥವರನ್ನು ನೋಡಿಯೇ.

"ಹಿಮದಲ್ಲಿ ನಿಂತು ನಿನ್ನ ಮೇಲೆ ಅಷ್ಟು ಕೂಗಾಡ್ದೆ. ಒಂದ್ ಮಾತು ಹೇಳ್ಬಾರ್ದಿತ್ತಾ, ಬೇಡ ಅಂತಿರೋದು ಅವಳೇ ಅಂತ?"

"ಹೇಳ್ಬೇಡ ಅಂದಿದ್ಲು. ಅಕ್ಕ ನಿನ್ನ ಮೇಲೆ ಸಿಟ್ಟಾಗಿರ್ಲಿ, ನನ್ನ ಮೇಲೆ ಬೇಡ ಅಂದ್ಲು. ಆಯ್ತು ಅಂದೆ."

ಆಯ್ತು ಅಂದೆ, ಅಷ್ಟೇ. ಚಳಿಗಾಲವಿಡೀ ನನ್ನ ಬೈಗುಳ ತಿಂದದ್ದಕ್ಕೆ ಅವನ ಲೆಕ್ಕ ಅಷ್ಟೇ.

ಆಮೇಲೆ ಅವನು ಡಿಸ್ಕನ್ನು ಬೆರಳಿನಿಂದ ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡು, ಏನು ಬರೆದಿದ್ದಾಳೆ ಎಂದು ಕೇಳಿದ. ಅವನಿಗೆ ಅದು ಗೊತ್ತಿರಲಿಲ್ಲ. ನಾನು ಹೇಳಿದೆ. ಅವನಲ್ಲ ಎಂಬ ಮಾತನ್ನೂ ಬಿಡದೆ ಹೇಳಿದೆ. ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

"ಅಷ್ಟೇನಾ?"

"ಅಷ್ಟೇ. ಅದನ್ನೇ ಮತ್ತೆ ಮತ್ತೆ. ಮೊದಲಿಂದ ಕೊನೇವರೆಗೂ, ಡಿಸ್ಕ್ ತುಂಬ."

ಐಲರ್ಟ್ ಎದ್ದು ನನಗೆ ಕಾಫಿ ಬಗ್ಗಿಸಿದ. ಹಾಲಿನ ಪೊಟ್ಟಣ ಮುಂದೆ ತಳ್ಳಿದ. ನಾನು ತಾರೀಕು ನೋಡದೆ ಸುರಿದುಕೊಂಡೆ.

"ಒಂದ್ ಸಲ ಹೇಳಿದ್ರೆ ನೀನು ನಂಬಲ್ಲ ಅಂತ ಅವಳಿಗೆ ಗೊತ್ತಿತ್ತು," ಅಂದ.