ನಷ್ಟದ ಫೋಟೋ

"ಹತ್ತಿರ ಬರ್ಬೇಡ ಮಾರಾಯ್ತಿ, ಅಲ್ಲಿಂದಲೇ ಮಾತಾಡು. ಇದು ಮನೆಯಾ, ಕಕ್ಕಸು ಗುಂಡಿಯಾ?"

ವಿಮಾ ಕಂಪೆನಿಯ ಸರ್ವೆಯರ್ ಲತೇಶ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲ ಹೊರಗಿನ ಕಲ್ಲಿನ ಮೇಲೆ ನಿಂತಿದ್ದ. ಕುಶಲಾ ತುಳುವಿನಲ್ಲಿ ಕೇಳಿದರೂ ಅವನು ಕನ್ನಡದಲ್ಲೇ ಉತ್ತರಿಸುತ್ತಿದ್ದ. ಅವಳು ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ ಒಳಗೆ ಕೆಸರಿನಲ್ಲಿ ನಿಂತಿದ್ದಳು.

ಕೂಳೂರಿನ ಹೊಳೆ ಉಕ್ಕಿದ ದಿನ ಮನೆಯ ಹಿಂದಿನ ಫ್ಲ್ಯಾಟುಗಳ ಕಕ್ಕಸು ಗುಂಡಿಯೂ ಒಡೆದು, ಎರಡೂ ಒಟ್ಟಿಗೆ ಮನೆಗೆ ನುಗ್ಗಿದ್ದವು. ಅಡುಗೆಮನೆಯ ಗೋಡೆ ಕುಸಿಯಿತು. ನೀರು ಇಳಿಯಿತು, ಹೇಲು ಉಳಿಯಿತು. ಬಾಚಿ ಹಾಕಲು ಕುಶಲಾ ಬುಟ್ಟಿ ತಂದಿದ್ದಳು. ಮನೆಸಾಲದ ಜೊತೆ ಬ್ಯಾಂಕಿನವರು ಅಂಟಿಸಿದ ವಿಮೆಯೊಂದು ಇದೆಯಲ್ಲ ಎಂದು ಕಂಪೆನಿಗೆ ಫೋನ್ ಮಾಡಿದಳು. ಸರ್ವೆಯರ್ ನೋಡುವವರೆಗೆ ಏನನ್ನೂ ಮುಟ್ಟಬಾರದು, ಮುಟ್ಟಿದರೆ ಕ್ಲೈಮು ಹೋಯಿತು ಎಂದರು. ಸರ್ವೆಯರ್ ಬರುವಾಗ ವಾರ ದಾಟಿತ್ತು. ಅಲ್ಲಿಯವರೆಗೆ ಅದರ ನಡುವೆಯೇ ಬೇಯಿಸಿದರು, ಉಂಡರು. ಪಣಂಬೂರಿನಲ್ಲಿ ಹಡಗಿನ ಮಾಲು ಇಳಿಸುವಾಗ ಸೊಂಟ ಮುರಿದುಕೊಂಡ ಗಂಡ ದುಗ್ಗಪ್ಪ ಮಂಚದ ಮೇಲೆಯೇ ಇದ್ದ. ಅವನ ಹಿಮ್ಮಡಿಯ ಹುಣ್ಣಿಗೆ ಮುತ್ತುವ ನೊಣಗಳನ್ನು ಮಗಳು ನಿರೀಕ್ಷಾ ಓಡಿಸುತ್ತಿದ್ದಳು.

"ಆ ನೆಲದ ಹಾಸಿಗೆ ಎತ್ತು," ಎಂದ ಲತೇಶ್, ಫೋನ್ ಹಿಡಿದು.

ಕುಶಲಾ ಎತ್ತಿದಳು. ಹಾಸಿಗೆಯ ನೀರು ಕುತ್ತಿಗೆಯಿಂದ ರವಿಕೆಯೊಳಗೆ ಇಳಿಯಿತು.

"ಇನ್ನೂ ಮೇಲೆ. ಮುಖ ಕಾಣ್ಬೇಕು." ಫೋಟೋ ತೆಗೆದು ಅವನು ಮಂಚದ ಕಡೆ ತಿರುಗಿದ. "ಇವನನ್ನು ಕೆಳಗೆ ಕೂರಿಸು."

"ಎಲ್ಲಿ ಸರ್?"

"ಕೆಸರಲ್ಲಿ. ರಾಜನ ಹಾಗೆ ಮೇಲೆ ಮಲಗಿದ್ರೆ ನಷ್ಟ ಆಗಿದೆ ಅಂತ ಯಾರು ನಂಬ್ತಾರೆ? ನಿಮ್ಮ ಒಳ್ಳೆಯದಕ್ಕೇ ಹೇಳುದು."

"ಬೇಡ ಅಮ್ಮ," ಎಂದಳು ನಿರೀಕ್ಷಾ.

ಕುಶಲಾ ಕುಸಿದ ಗೋಡೆಯನ್ನು ನೋಡಿದಳು. ಆಮೇಲೆ ಗಂಡನ ಕಂಕುಳಿಗೆ ಕೈ ಹಾಕಿದಳು. ತಾಯಿ ಮಗಳು ಸೇರಿ ಅವನನ್ನು ಇಳಿಸಿದರು.

"ಬೇವರ್ಸಿ, ನಿನ್ನ ಅಪ್ಪನನ್ನು ಹೀಗೆ ಕೂರಿಸ್ತೀಯಾ?" ದುಗ್ಗಪ್ಪ ಲತೇಶನನ್ನು ನೋಡಿ ಕೂಗಿದ.

"ಅವನ ಬಾಯಿ ಮುಚ್ಚಿಸು. ಇಲ್ಲದಿದ್ರೆ ನಾನು ಹೋದೆ."

ಕುಶಲಾ ಗಂಡನ ಬಾಯಿಗೆ ಅಂಗೈ ಒತ್ತಿದಳು. ಅಂಗೈಗೆ ಏನು ಮೆತ್ತಿತ್ತೆಂದು ನೆನಪಾಗುವಷ್ಟರಲ್ಲಿ ಫೋಟೋ ಆಗಿತ್ತು.

ಕ್ಲೈಮು ತಿರಸ್ಕಾರವಾದ ಮೆಸೇಜು ಬಂದಾಗ ಅವಳು ಪೇಟೆಯಲ್ಲಿರುವ ಕಂಪೆನಿಯ ಆಫೀಸಿಗೆ ಹೋದಳು. ಕೌಂಟರಿನ ಡ್ಯಾಫ್ನಿ ಮೇಡಂ ಮೆಲ್ಲಗೆ ವಿವರಿಸಿದರು.

"ಹೊಳೆ ನೀರು ಬಂದ್ರೆ ಕೊಡ್ಲಿಕ್ಕೆ ಉಂಟು ಅಮ್ಮ. ನಿಮ್ಮದು ಡ್ರೈನೇಜ್ ನೀರು. ಮತ್ತೆ ಕ್ಲೀನ್ ಮಾಡದೆ ಹಾಗೇ ಬಿಟ್ರಲ್ಲ, ಅದ್ರಿಂದ ಗೋಡೆ ಇನ್ನೂ ಹಾಳಾಯ್ತು ಅಂತ ಸರ್ವೆಯರ್ ರಿಪೋರ್ಟ್. ತಪ್ಪು ನಿಮ್ಮದೇ."

"ಮುಟ್ಟಬೇಡಿ ಅಂತ ಹೇಳಿದ್ದು ನೀವೇ ಅಲ್ವಾ?"

"ಹಾಗಂತ ಬರೆದು ಕೊಟ್ಟಿದ್ದು ಉಂಟಾ?"

ಕಂಪ್ಯೂಟರಿನ ಫೋಟೋದಲ್ಲಿ ದುಗ್ಗಪ್ಪ ಹೇಲಿನಲ್ಲಿ ಕೂತಿದ್ದ. ಅವನ ಬಾಯಿಯ ಮೇಲೆ ಅವಳ ಕೈ. ಪಕ್ಕದ ಕುರ್ಚಿಯವನು ಇಣುಕಿ ನೋಡಿ, ಮುಖ ಕಿವುಚಿ, ತನ್ನ ಚಹಾ ಲೋಟವನ್ನು ಆಚೆ ಸರಿಸಿದ.

"ಅದೊಂದು ಅಳಿಸಿ ಮೇಡಂ. ದುಡ್ಡು ಬೇಡ."

"ಅದು ರೆಕಾರ್ಡ್. ಅಳಿಸ್ಲಿಕ್ಕೆ ಆಗುದಿಲ್ಲ."

ಮರುದಿನ ಬೆಳಿಗ್ಗೆ ಆಫೀಸಿನ ಮುಂದೆ ರಿಕ್ಷಾ ನಿಂತಿತು. ಕುಶಲಾ ತೋಳು ಹಿಡಿದಳು, ನಿರೀಕ್ಷಾ ಕಾಲು ಹಿಡಿದಳು. ದುಗ್ಗಪ್ಪನನ್ನು ಒಳಗೆ ತಂದು, ಗ್ರಾಹಕರು ಕೂರುವ ಬಿಳಿ ಸೋಫಾದ ಮೇಲೆ ಮಲಗಿಸಿದರು.

"ಇದು ಎಂತ ಅಮ್ಮ? ಇಲ್ಲಿ ಮಲಗಿಸ್ಲಿಕ್ಕಿಲ್ಲ," ಡ್ಯಾಫ್ನಿ ಎದ್ದು ನಿಂತರು.

"ಮನೆಯಲ್ಲಿ ಮಲಗುವ ಹಾಗೆ ಇಲ್ಲ. ಇನ್ನು ಇಲ್ಲೇ."

ಒಳಗಿನ ಕೋಣೆಯಿಂದ ಲತೇಶ್ ಬಂದ. "ಎತ್ತು ಇವನನ್ನು. ಪೊಲೀಸರನ್ನು ಕರೀತೇನೆ."

"ಕರೀರಿ. ಎತ್ತುದಾದ್ರೆ ನೀವೇ ಎತ್ತಿ. ಮೊನ್ನೆ ಇಳಿಸಿದ್ದು ನಾವು."

ಲತೇಶ್ ಕಾವಲುಗಾರನಿಗೆ ಕಣ್ಸನ್ನೆ ಮಾಡಿದ. ಕಾವಲುಗಾರ ದುಗ್ಗಪ್ಪನ ಕಾಲಿಗೆ ಕೈ ಹಾಕಿದ. ಹಿಮ್ಮಡಿಗೆ ಸುತ್ತಿದ್ದ ಬಟ್ಟೆ ಜಾರಿತು. ಹುಣ್ಣಿನ ನಾತ ಎಸಿಯ ತಣ್ಣನೆ ಗಾಳಿಯಲ್ಲಿ ಇಡೀ ಕೋಣೆ ತುಂಬಿತು. ಅವನು ಕೈಬಿಟ್ಟು ಬಾಗಿಲ ಕಡೆ ಓಡಿದ. ಕೂತಿದ್ದವರು ಒಬ್ಬೊಬ್ಬರೇ ಎದ್ದು ಹೊರಗೆ ನಡೆದರು.

ದುಗ್ಗಪ್ಪ ಕಣ್ಣು ಮುಚ್ಚಿಕೊಂಡಿದ್ದ. ಹಿಮ್ಮಡಿಯಿಂದ ಕೀವು ಒಸರಿ ಸೋಫಾದ ಬಿಳಿ ಬಟ್ಟೆಯಲ್ಲಿ ನಿಧಾನ ಹರಡುತ್ತಿತ್ತು. ಕುಶಲಾ ನೆಲದ ಮೇಲೆ ಕೂತು, ಬುತ್ತಿ ಬಿಚ್ಚಿ, ಗಂಡನ ಬಾಯಿಗೆ ಗಂಜಿ ಹಾಕತೊಡಗಿದಳು.